ಹಳೆಯ ಸೆಟ್ಟು, ಹೊಸ ಬ್ಯಾಟರಿ: ಚಾರ್ಜರ್ ಯಾವುದರ ಜೋಡಿ?

ಹಳೆಯ ವಯರ್‌ಲೆಸ್ ಸೆಟ್ಟಿಗೆ ಹೊಸ ಬ್ಯಾಟರಿ ತಂದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಬಗೆಯದು. ರಾತ್ರಿ ಚಾರ್ಜಿಗಿಟ್ಟಿದ್ದೆವು, ಬೆಳಿಗ್ಗೆ ಹಸಿರು ದೀಪ ಉರಿಯುತ್ತಿತ್ತು, ಆಚೆಯವರ ಮಾತೂ ಸರಿಯಾಗಿ ಕೇಳುತ್ತಿತ್ತು. ನಾವು ಗುಂಡಿ ಒತ್ತಿ ಮಾತಾಡಲು ಹೊರಟದ್ದೇ ತಡ, ಸೆಟ್ಟು ಆಫ್. ಇನ್ನು ಕೆಲವರ ದೂರು ಬೇರೆ: ಚಾರ್ಜರಿನಿಂದ ತೆಗೆಯುವಾಗ ಬ್ಯಾಟರಿ ಕೈ ಸುಡುವಷ್ಟು ಬಿಸಿ, ಆರು ತಿಂಗಳಲ್ಲಿ ಅದರ ಕಥೆ ಮುಗಿಯಿತು. ಎರಡು ಗುಂಪಿನವರೂ ಕೊನೆಗೆ ಬರುವ ತೀರ್ಮಾನ ಎರಡರಲ್ಲಿ ಒಂದು: ಅಂಗಡಿಯವ ಡ್ಯೂಪ್ಲಿಕೇಟ್ ಬ್ಯಾಟರಿ ಕೊಟ್ಟ, ಅಥವಾ ಸೆಟ್ಟೇ ಹಳತಾಯಿತು. ಈ ತೀರ್ಮಾನಕ್ಕೆ ಬರುವ ಮೊದಲು ಮೇಜಿನ ಮೇಲೆ ಕುಳಿತ ಮೂರನೆಯ ವಸ್ತುವನ್ನು, ಅಂದರೆ ಚಾರ್ಜರನ್ನು, ವಿಚಾರಿಸಬೇಕು ಎಂಬುದು ನನ್ನ ವಾದ. ಸೆಟ್ಟಿನ ಜೊತೆಗೆ ಬಂದದ್ದರಿಂದ ಚಾರ್ಜರ್ ಸೆಟ್ಟಿಗೆ ಸೇರಿದ್ದು ಎಂದು ನಾವು ಭಾವಿಸಿದ್ದೇವೆ. ವಾಸ್ತವದಲ್ಲಿ ಅದು ಬ್ಯಾಟರಿಗೆ ಸೇರಿದ್ದು. ಬ್ಯಾಟರಿಯ ಬಗೆ ಬದಲಾದರೆ, ಅಥವಾ ಅದರ ಗಾತ್ರ ಬಹಳ ಹೆಚ್ಚಿದರೆ, ಹಳೆಯ ಚಾರ್ಜರ್ ಆಗುತ್ತದೋ ಇಲ್ಲವೋ ಎಂದು ಹೊಸದಾಗಿ ಯೋಚಿಸಲೇಬೇಕು.

ಮೊಬೈಲ್ ಇರುವ ಕಾಲದಲ್ಲಿ ಈ ಸೆಟ್ಟುಗಳಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದು ಕೇಳುವವರು ಕಾಸರಗೋಡು ಜಿಲ್ಲೆಯ ಭೂಪಟವನ್ನೊಮ್ಮೆ ನೋಡಲಿ. ಪಡುವಣಕ್ಕೆ ಮಂಜೇಶ್ವರದಿಂದ ಚೆರುವತ್ತೂರಿನ ಮಡಕ್ಕರದವರೆಗೆ ಮೀನುಗಾರಿಕೆ ಬಂದರುಗಳು. ದಡ ಬಿಟ್ಟು ಕೆಲವು ಮೈಲಿ ಹೋದರೆ ಮೊಬೈಲಿಗೆ ಸಿಗ್ನಲ್ ಇಲ್ಲ. ಮೂಡಣಕ್ಕೆ ಕಾರಡ್ಕ, ಮುಳಿಯಾರು, ದೇಲಂಪಾಡಿಯ ಕಾಡಂಚು. ಆನೆ ತೋಟಕ್ಕಿಳಿದ ರಾತ್ರಿ ಅರಣ್ಯ ಇಲಾಖೆಯ ತಂಡಗಳು ಗುಡ್ಡದ ಎರಡು ಬದಿಯಿಂದ ಮಾತಾಡಿಕೊಳ್ಳಬೇಕು. ನಡುವೆ ಉದ್ದಕ್ಕೂ ರೈಲು ಹಳಿ. ಲೋಕೊ ಪೈಲಟ್ ಮತ್ತು 2022ರಿಂದ ಟ್ರೈನ್ ಮ್ಯಾನೇಜರ್ ಎಂಬ ಹೆಸರು ಪಡೆದ ಗಾರ್ಡ್, ಇಬ್ಬರ ಕೈಯಲ್ಲೂ ವಾಕಿಟಾಕಿ. ಬ್ರಹ್ಮಕಲಶ, ಕಳಿಯಾಟ, ಉರೂಸುಗಳಲ್ಲಿ ಜನ ಕಿಕ್ಕಿರಿದಾಗ ಮೊಬೈಲ್ ಜಾಲ ಕಟ್ಟಿಕೊಳ್ಳುವುದು ಎಲ್ಲರಿಗೂ ಗೊತ್ತು. ಒಂದು ಗುಂಡಿ ಒತ್ತಿದರೆ ಹತ್ತು ಜನರಿಗೆ ಒಟ್ಟಿಗೆ ಕೇಳುವ ಸೌಲಭ್ಯಕ್ಕೆ ಇಂಥ ಕಡೆಗಳಲ್ಲಿ ಇನ್ನೂ ಬದಲಿ ಬಂದಿಲ್ಲ. ಈ ಸೆಟ್ಟುಗಳ ಮೈಕಟ್ಟು ಗಟ್ಟಿ. ಇಪ್ಪತ್ತು ವರ್ಷ ಹಳೆಯವೂ ಸರಿಯಾಗಿ ಕೆಲಸ ಮಾಡುತ್ತವೆ. ಬ್ಯಾಟರಿಯ ಆಯುಷ್ಯ ಮಾತ್ರ ಮೂರೋ ನಾಲ್ಕೋ ವರ್ಷ. ಹಾಗಾಗಿ ಒಂದು ಸೆಟ್ಟು ತನ್ನ ಜೀವಮಾನದಲ್ಲಿ ನಾಲ್ಕಾರು ಬ್ಯಾಟರಿಗಳನ್ನು ಕಾಣುತ್ತದೆ. ಅಷ್ಟರಲ್ಲಿ ಬ್ಯಾಟರಿಯ ತಂತ್ರವೇ ಎರಡು ಸಲ ಬದಲಾಗಿರುತ್ತದೆ. ತೊಂದರೆಯ ಬೇರು ಇರುವುದು ಇಲ್ಲಿ.

ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ರೂಪಿಸಿದ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯೇ ಬಹುಕಾಲ ಕೈಸೆಟ್ಟುಗಳ ಜೀವಾಳವಾಗಿತ್ತು. ಒಂದು ಸೆಲ್ಲಿಗೆ 1.2 ವೋಲ್ಟ್, ಆರು ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ 7.2 ವೋಲ್ಟಿನ ಪ್ಯಾಕ್. ಕ್ಯಾಡ್ಮಿಯಂ ಸೆಲ್ಲಿನ ದೊಡ್ಡ ಗುಣ ಸಹನೆ. ಅದರ ಸಾಮರ್ಥ್ಯದ ಹತ್ತನೇ ಒಂದು ಪಾಲಿನಷ್ಟು ಕರೆಂಟನ್ನು 14ರಿಂದ 16 ಗಂಟೆ ಕೊಟ್ಟರೆ ತುಂಬುತ್ತದೆ. ಮರೆತು ಇಪ್ಪತ್ತು ಗಂಟೆ ಬಿಟ್ಟರೂ ತಕ್ಷಣ ಕೆಡುವುದಿಲ್ಲ. ತುಂಬಿದ ಮೇಲೂ ಕರೆಂಟ್ ಹರಿದರೆ ಒಳಗೆ ಆಮ್ಲಜನಕ ಹುಟ್ಟುತ್ತದೆ, ಅದು ಇನ್ನೊಂದು ಫಲಕಕ್ಕೆ ಹೋಗಿ ಮತ್ತೆ ಸೇರಿಕೊಳ್ಳುತ್ತದೆ, ಕೊಟ್ಟ ವಿದ್ಯುತ್ತೆಲ್ಲ ಶಾಖವಾಗಿ ಹೊರಬೀಳುತ್ತದೆ. ಕರೆಂಟ್ ಸಣ್ಣದಾದರೆ ಈ ಶಾಖವೂ ಸಣ್ಣದು, ಸೆಲ್ಲು ತಡೆದುಕೊಳ್ಳುತ್ತದೆ. ಆದ್ದರಿಂದ ಆ ಕಾಲದ ಅಗ್ಗದ ಚಾರ್ಜರುಗಳಲ್ಲಿ ಬುದ್ಧಿ ಎಂಬುದು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಒಂದು ಸಣ್ಣ ಟ್ರಾನ್ಸ್‌ಫಾರ್ಮರ್, ಒಂದು ಡಯೋಡ್, ಕರೆಂಟ್ ಮಿತಿಗೊಳಿಸುವ ಒಂದು ರೆಸಿಸ್ಟರ್, ಒಂದು ಕೆಂಪು ದೀಪ. ಬ್ಯಾಟರಿ ತುಂಬಿದೆಯೇ ಎಂದು ಅವು ಕೇಳುತ್ತಲೇ ಇರಲಿಲ್ಲ. ರಾತ್ರಿ ಇಟ್ಟು ಬೆಳಿಗ್ಗೆ ತೆಗೆಯುವ ನಮ್ಮ ಅಭ್ಯಾಸ ಹುಟ್ಟಿದ್ದು ಈ ಚಾರ್ಜರುಗಳಿಂದ. ಬ್ಯಾಟರಿ ಬದಲಾಗಿ ದಶಕಗಳಾದರೂ ಅಭ್ಯಾಸ ಹಾಗೆಯೇ ಉಳಿದಿದೆ.

1989ರ ಸುಮಾರಿಗೆ ಮಾರುಕಟ್ಟೆಗೆ ಬಂದ ನಿಕ್ಕಲ್-ಮೆಟಲ್ ಹೈಡ್ರೈಡ್ ಬ್ಯಾಟರಿ ಹೊರನೋಟಕ್ಕೆ ಹಳೆಯದರ ತಮ್ಮನೇ. ಅದೇ 1.2 ವೋಲ್ಟ್, ಅದೇ ಆರು ಸೆಲ್ಲು, ಅದೇ ಪ್ಲಾಸ್ಟಿಕ್ ಕವಚ, ಅಷ್ಟೇ ಜಾಗದಲ್ಲಿ ಹೆಚ್ಚು ಶಕ್ತಿ, ಮೇಲಾಗಿ ವಿಷಕಾರಿ ಕ್ಯಾಡ್ಮಿಯಂ ಇಲ್ಲ. ಹಳೆಯ ಚಾರ್ಜರ್ ಸ್ಟ್ಯಾಂಡಿನಲ್ಲಿ ಚೆನ್ನಾಗಿ ಕೂರುತ್ತದೆ, ದೀಪವೂ ಹೊತ್ತುತ್ತದೆ. ಆದರೆ ಸ್ವಭಾವ ಬೇರೆ. ಕ್ಯಾಡ್ಮಿಯಂ ಸೆಲ್ಲು ಚಾರ್ಜಾಗುವ ಹೆಚ್ಚಿನ ಹೊತ್ತು ತಂಪಾಗಿಯೇ ಇದ್ದು, ತುಂಬುವ ಹೊತ್ತಿಗೆ ಮಾತ್ರ ಬಿಸಿಯೇರುತ್ತದೆ. ಹೈಡ್ರೈಡ್ ಸೆಲ್ಲು ಮೊದಲಿನಿಂದಲೇ ಶಾಖ ಬಿಡುತ್ತದೆ, ಅತಿಚಾರ್ಜನ್ನು ಸಹಿಸುವುದೂ ಕಡಿಮೆ. ವೇಗದ ಚಾರ್ಜರ್ ಬ್ಯಾಟರಿ ತುಂಬಿದ್ದನ್ನು ಕಂಡುಹಿಡಿಯುವುದು ಒಂದು ಸೂಕ್ಷ್ಮ ಸೂಚನೆಯಿಂದ: ಏರುತ್ತಾ ಬಂದ ವೋಲ್ಟೇಜ್ ತುಂಬಿದ ಮೇಲೆ ಸ್ವಲ್ಪ ಇಳಿಯುತ್ತದೆ. ಕ್ಯಾಡ್ಮಿಯಂ ಸೆಲ್ಲಿನಲ್ಲಿ ಈ ಇಳಿತ 10ರಿಂದ 20 ಮಿಲಿವೋಲ್ಟ್, ಆರು ಸೆಲ್ಲು ಸೇರಿದರೆ ನೂರರ ಆಸುಪಾಸು, ಸುಲಭವಾಗಿ ಕಾಣುತ್ತದೆ. ಹೈಡ್ರೈಡ್ ಸೆಲ್ಲಿನಲ್ಲಿ ಅದು ಐದರ ಆಜುಬಾಜು, ಕೆಲವೊಮ್ಮೆ ಇಳಿಯದೆ ಸಮತಟ್ಟಾಗಿಯೇ ಇದ್ದುಬಿಡುತ್ತದೆ; ಸೆಕೆ ಹೆಚ್ಚಿದ್ದರಂತೂ ಇಲ್ಲವೇ ಇಲ್ಲ ಎನ್ನುವಷ್ಟು. ದೊಡ್ಡ ಇಳಿತಕ್ಕಾಗಿ ಕಾಯುವಂತೆ ಮಾಡಿದ ಹಳೆಯ ಚಾರ್ಜರ್ ಈ ಸಣ್ಣ ಇಳಿತವನ್ನು ಗಮನಿಸದೆ ಕರೆಂಟ್ ತಳ್ಳುತ್ತಲೇ ಹೋಗುತ್ತದೆ. ಕೈ ಸುಡುವ ಬ್ಯಾಟರಿಯ ರಹಸ್ಯ ಇದು. ದಿನವೂ ಹೀಗೆ ಬೆಂದ ಸೆಲ್ಲು ಆರು ತಿಂಗಳಲ್ಲಿ ಒಣಗಿದರೆ ಅದನ್ನು ಮಾರಿದವನನ್ನು ಬಯ್ದು ಪ್ರಯೋಜನವಿಲ್ಲ.

ನಿಧಾನದ ಚಾರ್ಜರಿನಲ್ಲಿ ಆಗುವುದು ಇದರ ತದ್ವಿರುದ್ಧ. ಲೆಕ್ಕ ಸರಳ. ಹಳೆಯ ಪ್ಯಾಕಿನ ಸಾಮರ್ಥ್ಯ 600 ಎಂಎಎಚ್ (ಮಿಲಿಆಂಪಿಯರ್-ಗಂಟೆ) ಇತ್ತು, ಚಾರ್ಜರ್ 60 ಮಿಲಿಆಂಪಿಯರ್ ಕೊಡುತ್ತಿತ್ತು ಎನ್ನಿ. ನಿಕ್ಕಲ್ ಬ್ಯಾಟರಿಗೆ ಅದು ಹಿಡಿಯುವುದಕ್ಕಿಂತ ಸುಮಾರು 40 ಶೇಕಡಾ ಹೆಚ್ಚು ತುಂಬಿಸಬೇಕಾಗುತ್ತದೆ. 840ನ್ನು 60ರಿಂದ ಭಾಗಿಸಿದರೆ 14 ಗಂಟೆ. ಈಗ ಅದೇ ಜಾಗಕ್ಕೆ 1500 ಎಂಎಎಚ್‌ನ ಹೊಸ ಪ್ಯಾಕ್ ಬಂತು. 2100ನ್ನು 60ರಿಂದ ಭಾಗಿಸಿ: 35 ಗಂಟೆ. ಒಂದು ರಾತ್ರಿಯಲ್ಲಿ ಅದು ಅರ್ಧವೂ ತುಂಬುವುದಿಲ್ಲ. ಐದು ವ್ಯಾಟಿನ ಸೆಟ್ಟು ಮಾತಾಡುವಾಗ ಒಂದೂವರೆ ಆಂಪಿಯರಿನಷ್ಟು ಎಳೆಯುತ್ತದೆ, ಸುಮ್ಮನೆ ಕೇಳುತ್ತಾ ಕೂತಾಗ ಅದರ ಒಂದು ಸಣ್ಣ ಅಂಶ ಮಾತ್ರ. ಅರೆ ತುಂಬಿದ ಪ್ಯಾಕ್ ಕೇಳುವುದಕ್ಕೆ ಸಾಕಾಗಿ, ಮಾತಾಡುವುದಕ್ಕೆ ಬೇಗ ಸಾಲದಾಗುವುದು ಇದರಿಂದಲೇ. ದೊಡ್ಡ ಸಂಖ್ಯೆಯ ಬ್ಯಾಟರಿ ಕೊಂಡವರು ಮೊದಲಿಗಿಂತ ಕಡಿಮೆ ಹೊತ್ತು ಬರುತ್ತದೆ ಎಂದು ದೂರುವಾಗ ಸುಳ್ಳು ಹೇಳುತ್ತಿರುವುದಿಲ್ಲ. ಅವರ ಬ್ಯಾಟರಿ ಒಮ್ಮೆಯೂ ತುಂಬಿಯೇ ಇಲ್ಲ.

ಮೂರನೆಯ ಬಗೆ ಲಿಥಿಯಂ-ಅಯಾನ್. ಸೋನಿ ಕಂಪೆನಿ 1991ರಲ್ಲಿ ಮಾರಾಟಕ್ಕೆ ತಂದ, ಇಂದು ನಮ್ಮೆಲ್ಲರ ಮೊಬೈಲಿನಲ್ಲಿರುವ ಬಗೆ. ಸೆಲ್ಲಿಗೆ 3.6 ಅಥವಾ 3.7 ವೋಲ್ಟ್, ಎರಡು ಸೆಲ್ಲಿಗೆ 7.2 ಅಥವಾ 7.4. ಚೀಟಿಯ ಮೇಲಿನ ವೋಲ್ಟೇಜ್ ಹಳೆಯ ನಿಕ್ಕಲ್ ಪ್ಯಾಕಿಗೆ ಇಷ್ಟು ಹತ್ತಿರ ಬಂದದ್ದು ಸೆಟ್ಟಿಗೆ ಅನುಕೂಲವಾಯಿತು, ಚಾರ್ಜಿಗಿಡುವವರಿಗೆ ಮೋಸವಾಯಿತು. ಲಿಥಿಯಂ ಸೆಲ್ಲಿನ ಗಡಿ 4.2 ವೋಲ್ಟ್, ಎರಡಕ್ಕೆ 8.4, ಅದಕ್ಕಿಂತ ಮೇಲೆ ಹೋಗಬಾರದು. ಚಾರ್ಜರ್ ಮೊದಲು ಒಂದೇ ಪ್ರಮಾಣದ ಕರೆಂಟ್ ಕೊಟ್ಟು, 8.4 ಮುಟ್ಟಿದ ಮೇಲೆ ವೋಲ್ಟೇಜನ್ನು ಅಲ್ಲೇ ಹಿಡಿದು, ಕರೆಂಟ್ ತಾನಾಗಿ ಇಳಿಯುವುದನ್ನು ಕಾದು, ಕೊನೆಗೆ ಪೂರ್ತಿ ನಿಲ್ಲಬೇಕು. ನಿಕ್ಕಲ್ ಚಾರ್ಜರಿಗೆ ಇದೊಂದೂ ಗೊತ್ತಿಲ್ಲ. ಆರು ನಿಕ್ಕಲ್ ಸೆಲ್ಲುಗಳು ತುಂಬುವ ಹೊತ್ತಿಗೆ 8.7 ವೋಲ್ಟಿನಷ್ಟು ಏರುವುದು ಅದರ ಪಾಲಿಗೆ ಸಹಜ. ಆಮೇಲೆ ಬರುವ ಇಳಿತಕ್ಕಾಗಿ ಅದು ಕಾಯುತ್ತದೆ. ಲಿಥಿಯಂ ಅಂಥ ಇಳಿತವನ್ನು ಎಂದೂ ತೋರಿಸುವುದಿಲ್ಲ. ಅದಲು ಬದಲಾದರೂ ಅಪಾಯವೇ. ನಿಕ್ಕಲ್ ಸೆಲ್ಲು ತುಂಬಿ ಬಿಸಿಯಾದಾಗ ಅದರ ವೋಲ್ಟೇಜ್ ಕುಸಿಯುತ್ತದಷ್ಟೆ. ವೋಲ್ಟೇಜನ್ನು ಮೇಲೆತ್ತಿ ಹಿಡಿಯುವುದೇ ಕೆಲಸವಾದ ಲಿಥಿಯಂ ಚಾರ್ಜರ್ ಆಗ ಇನ್ನಷ್ಟು ಕರೆಂಟ್ ಕೊಡಬಹುದು, ಅದರಿಂದ ಬಿಸಿ ಇನ್ನಷ್ಟು ಏರುತ್ತದೆ.

ಇದು ಪುಸ್ತಕದ ಬದನೆಕಾಯಿ ಅಲ್ಲ ಎನ್ನುವುದಕ್ಕೆ ಸೆಟ್ಟು ತಯಾರಿಸಿದ ಕಂಪೆನಿಗಳ ನಡೆಯೇ ಸಾಕ್ಷಿ. ಕೆನ್‌ವುಡ್ಡಿನ ಟಿಕೆ-2207 ನಮ್ಮಲ್ಲಿ ಬಹಳ ಕಡೆ ಕಾಣಸಿಗುವ ಸೆಟ್ಟು. ಅದಕ್ಕೆ ಕೆಎನ್‌ಬಿ-29ಎನ್ ಎಂಬ ಹೈಡ್ರೈಡ್ ಪ್ಯಾಕ್ ಇತ್ತು, 7.2 ವೋಲ್ಟ್, 1500 ಎಂಎಎಚ್. ಅದರ ಚಾರ್ಜರ್ ಕೆಎಸ್‌ಸಿ-31. ಅದೇ ಸೆಟ್ಟಿಗೆ ಕೆಎನ್‌ಬಿ-45ಎಲ್ ಎಂಬ ಲಿಥಿಯಂ ಪ್ಯಾಕ್ ಬಂದಾಗ, 7.4 ವೋಲ್ಟ್, 2000 ಎಂಎಎಚ್, ಕಂಪೆನಿ ಹಳೆಯ ಚಾರ್ಜರಿನಲ್ಲೇ ಇಡಿ ಎನ್ನಲಿಲ್ಲ. ಕೆಎಸ್‌ಸಿ-35 ಎಂಬ ಬೇರೆ ಚಾರ್ಜರ್ ತಂದಿತು. ಐಕಾಂನ ಐಸಿ-ವಿ82 ಸೆಟ್ಟಿಗೆ ಕ್ಯಾಡ್ಮಿಯಂ, ಹೈಡ್ರೈಡ್, ಲಿಥಿಯಂ ಮೂರೂ ಬಗೆಯ ಪ್ಯಾಕುಗಳಿದ್ದವು. ಅಲ್ಲಿಯೂ ಲಿಥಿಯಂ ಪ್ಯಾಕಿಗೆ ಬೇರೆಯೇ ಚಾರ್ಜರ್. ಸೆಟ್ಟು ಬದಲಾಗಲಿಲ್ಲ, ಬ್ಯಾಟರಿ ಸಿಕ್ಕಿಸುವ ಕೊಕ್ಕೆಯೂ ಬದಲಾಗಲಿಲ್ಲ, ಚಾರ್ಜರ್ ಬದಲಾಯಿತು. ಒಂದೇ ಸ್ಟ್ಯಾಂಡಿನಲ್ಲಿ ಎಲ್ಲವನ್ನೂ ಚಾರ್ಜ್ ಮಾಡುವಂತಿದ್ದರೆ ಕಂಪೆನಿಗಳು ಇನ್ನೊಂದು ಮಾದರಿಗೆ ಖರ್ಚು ಮಾಡುತ್ತಿರಲಿಲ್ಲ. ಬಗೆಯನ್ನು ತಾನೇ ಗುರುತಿಸಿ ನಡೆದುಕೊಳ್ಳುವ ಚಾರ್ಜರುಗಳು ಆಮೇಲೆ ಬಂದವು ನಿಜ. ಅವುಗಳ ಅಡಿಯ ಚೀಟಿಯಲ್ಲಿ ಯಾವ ಯಾವ ಬಗೆ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಬರೆದಿಲ್ಲವೆಂದರೆ ಆಗುವುದಿಲ್ಲ ಎಂದೇ ತಿಳಿಯಬೇಕು.

'ಆದರೆ ಹಸಿರು ದೀಪ ಬಂತಲ್ಲ' ಎಂಬುದು ಮೊದಲ ಆಕ್ಷೇಪ. ದೀಪ ಹೇಳುವುದು ಚಾರ್ಜರ್ ತನ್ನ ಕೆಲಸ ನಿಲ್ಲಿಸಿದೆ ಎಂದಷ್ಟೇ. ಏಕೆ ನಿಲ್ಲಿಸಿತು ಎಂದು ಹೇಳುವುದಿಲ್ಲ. ಗಡಿಯಾರ ಮುಗಿದದ್ದಕ್ಕೆ ನಿಲ್ಲಿಸಿರಬಹುದು, ಬಿಸಿಯಾದದ್ದಕ್ಕೆ ನಿಲ್ಲಿಸಿರಬಹುದು. ಬಹುಕಾಲ ಅಂಗಡಿಯಲ್ಲಿ ಕೂತಿದ್ದ ನಿಕ್ಕಲ್ ಪ್ಯಾಕಿನ ವೋಲ್ಟೇಜ್ ಮೊದಲ ಸಲ ಏರಿಳಿಯುವುದನ್ನು ತುಂಬಿದ ಗುರುತೆಂದು ತಪ್ಪಾಗಿ ಓದಿರಬಹುದು. ಕರಾವಳಿಯಲ್ಲಿ ಇನ್ನೊಂದು ಕಾರಣವನ್ನು ಎಂದೂ ಮರೆಯಬಾರದು: ಉಪ್ಪುಗಾಳಿ. ಪ್ಯಾಕಿನ ಲೋಹದ ಬಿಂದುಗಳಿಗೂ ಚಾರ್ಜರಿನ ಕಡ್ಡಿಗಳಿಗೂ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ, ಆ ಪೊರೆಯ ತಡೆಯಿಂದಾಗಿ ಚಾರ್ಜರಿಗೆ ವೋಲ್ಟೇಜ್ ಇರುವುದಕ್ಕಿಂತ ಹೆಚ್ಚು ಕಾಣಿಸುತ್ತದೆ, ದೀಪ ಬೇಗ ಹಸಿರಾಗುತ್ತದೆ. ಮಕ್ಕಳ ಪೆನ್ಸಿಲ್ ಉಜ್ಜುವ ರಬ್ಬರಿನಿಂದ ಬಿಂದುಗಳನ್ನು ತಿಕ್ಕಿ, ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಿದರೆ ಅರ್ಧ ದೂರುಗಳು ಅಲ್ಲೇ ಮುಗಿದಾವು. ಮರಳುಕಾಗದ ಬೇಡ, ಮೇಲಿನ ಲೇಪವೇ ಹೋಗುತ್ತದೆ. ಇನ್ನು, ನಿಜಕ್ಕೂ ತುಂಬಿದ ಪ್ಯಾಕ್ ಕೂಡ ಮುದಿಯಾಗಿದ್ದರೆ ಅದರ ಒಳಗಿನ ತಡೆ ಹೆಚ್ಚಿರುತ್ತದೆ; ಅರ್ಧ ಓಮ್ ತಡೆ ಇದ್ದರೆ ಒಂದೂವರೆ ಆಂಪಿಯರ್ ಎಳೆದಾಗ ಮುಕ್ಕಾಲು ವೋಲ್ಟ್ ಒಳಗೇ ಕಳೆದುಹೋಗುತ್ತದೆ, ಸೆಟ್ಟು ಬ್ಯಾಟರಿ ಖಾಲಿ ಎಂದು ಭಾವಿಸಿ ನಿಲ್ಲುತ್ತದೆ. ಆದ್ದರಿಂದ ಬ್ಯಾಟರಿಯನ್ನು ಪರೀಕ್ಷಿಸುವುದು ಕೇಳುವಾಗಲ್ಲ, ಮಾತಾಡುವಾಗ.

ಎರಡನೆಯ ಆಕ್ಷೇಪ ಲಿಥಿಯಂ ಪಕ್ಷದವರದ್ದು. ಪ್ಯಾಕಿನ ಒಳಗೇ ರಕ್ಷಣಾ ಸರ್ಕ್ಯೂಟ್ ಇರುತ್ತದೆ, ಹೆಚ್ಚಾದರೆ ಅದೇ ಕಡಿದುಹಾಕುತ್ತದೆ, ಚಾರ್ಜರ್ ಯಾವುದಾದರೇನು ಎಂದು ಅವರು ಕೇಳುತ್ತಾರೆ. ಸರ್ಕ್ಯೂಟ್ ಇರುವುದು ನಿಜ. ಆದರೆ ಅದು ಕಡಿಯುವುದು 4.2ಕ್ಕಿಂತ ಮೇಲೆ, ಸಾಮಾನ್ಯವಾಗಿ 4.25ರಿಂದ 4.35 ವೋಲ್ಟಿನ ನಡುವೆ. ಮಿಕ್ಕೆಲ್ಲವೂ ಕೈಕೊಟ್ಟಾಗ ಇರಲಿ ಎಂದು ಇಟ್ಟ ಕೊನೆಯ ಕಾವಲು ಅದು. ದಿನವೂ ಅದನ್ನೇ ನೆಚ್ಚಿದರೆ ಸೆಲ್ಲು ದಿನವೂ ಗಡಿ ದಾಟುತ್ತದೆ, ಆಯುಷ್ಯ ಕರಗುತ್ತದೆ, ಎಂದೋ ಒಂದು ದಿನ ಕಾವಲು ತಪ್ಪಿದರೆ ಹೊತ್ತಿಕೊಳ್ಳುವುದು ಮನೆಯ ಒಳಗೆ, ರಾತ್ರಿ ಎಲ್ಲರೂ ಮಲಗಿದ್ದಾಗ. ಹಳೆಯ ನಿಕ್ಕಲ್ ಚಾರ್ಜರಿನಲ್ಲೇ ಇಡಬಹುದಾದಂತೆ ಒಳಗೆ ಬೇರೆ ಚಾರ್ಜಿಂಗ್ ಸರ್ಕ್ಯೂಟ್ ಕೂರಿಸಿದ ಲಿಥಿಯಂ ಪ್ಯಾಕುಗಳೂ ಇವೆ. ಅವುಗಳ ಬಗ್ಗೆ ನನ್ನ ತಕರಾರಿಲ್ಲ, ಹಾಗೆಂದು ತಯಾರಕನೇ ಬರೆದು ಕೊಟ್ಟಿರಬೇಕು, ಅಷ್ಟೆ. ಅಂಗಡಿಯವರ ಬಾಯಿಮಾತು ಸಾಲದು.

ಮೂರನೆಯದು ಆಕ್ಷೇಪಕ್ಕಿಂತ ಹೆಚ್ಚಾಗಿ ನಂಬಿಕೆ: ಬ್ಯಾಟರಿಗೆ 'ಮೆಮೊರಿ' ಇದೆ, ಪ್ರತಿಸಲ ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗಿಡಬೇಕು. ಪ್ರತಿದಿನ ಒಂದೇ ಅಳತೆಯಷ್ಟು ಬಳಸಿ ತುಂಬುವ ಕ್ಯಾಡ್ಮಿಯಂ ಬ್ಯಾಟರಿಗಳಲ್ಲಿ, ಮುಖ್ಯವಾಗಿ ಉಪಗ್ರಹಗಳಲ್ಲಿ, ಇಂಥ ಪರಿಣಾಮ ಕಂಡುಬಂದದ್ದು ಹೌದು. ನಮ್ಮ ನಿತ್ಯದ ಬಳಕೆಯಲ್ಲಿ ಮೆಮೊರಿ ಎಂದು ಕರೆಯುವುದರ ಬಹುಪಾಲು ಅತಿಚಾರ್ಜಿನಿಂದ ವೋಲ್ಟೇಜ್ ತಗ್ಗಿದ್ದು. ಮತ್ತೆ ಚಾರ್ಜರಿನದೇ ತಪ್ಪು. ತಿಂಗಳಿಗೊಮ್ಮೆ ಸೆಟ್ಟು ತಾನಾಗಿ ಬ್ಯಾಟರಿ ಖಾಲಿ ಎನ್ನುವವರೆಗೆ ಬಳಸಿ ಆಮೇಲೆ ಪೂರ್ತಿ ತುಂಬಿದರೆ ನಿಕ್ಕಲ್ ಪ್ಯಾಕಿಗೆ ಒಳ್ಳೆಯದೇ. ಬಲ್ಬು ಸಿಕ್ಕಿಸಿ ಕೊನೆಯ ಹನಿಯವರೆಗೆ ಹೀರಿ ತೆಗೆಯುವುದು ಮಾತ್ರ ಕೆಟ್ಟದ್ದು. ಸಾಲಾಗಿ ಜೋಡಿಸಿದ ಆರು ಸೆಲ್ಲುಗಳಲ್ಲಿ ದುರ್ಬಲವಾದದ್ದು ಮೊದಲು ಬರಿದಾಗುತ್ತದೆ, ಉಳಿದ ಐದು ಅದರ ಮೂಲಕ ಕರೆಂಟನ್ನು ನೂಕುತ್ತಲೇ ಇದ್ದು ಅದರ ಧ್ರುವಗಳನ್ನು ತಿರುವುಮುರುವು ಮಾಡುತ್ತವೆ, ಅದು ಸಾಯುತ್ತದೆ, ಜೊತೆಗೆ ಇಡೀ ಪ್ಯಾಕ್ ಕೂಡ. ಲಿಥಿಯಮ್ಮಿಗೆ ಮೆಮೊರಿಯ ಚಿಂತೆಯೇ ಬೇಡ; ಅದನ್ನು ಖಾಲಿ ಮಾಡುತ್ತಾ ಹೋಗುವುದೇ ಅದಕ್ಕೆ ಪೆಟ್ಟು.

ಇಷ್ಟೆಲ್ಲ ರಗಳೆ ಯಾಕೆ, ಆನ್‌ಲೈನಿನಲ್ಲಿ ಅಗ್ಗದ ಹೊಸ ಸೆಟ್ಟೇ ಸಿಗುತ್ತದಲ್ಲ ಎಂಬ ಮಾತಿಗೆ ಉತ್ತರ ದುಡ್ಡಿಗಿಂತ ಕಾನೂನಿನಲ್ಲಿದೆ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ವಾಕಿಟಾಕಿ ಬಳಸಲು 2018ರಿಂದ ಬಿಟ್ಟುಕೊಟ್ಟಿರುವುದು 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಸಣ್ಣ ಪಟ್ಟಿಯನ್ನು, ಅದೂ ಕಡಿಮೆ ಶಕ್ತಿಯ ಸೆಟ್ಟುಗಳಿಗೆ. ಅದರಾಚೆಯ ತರಂಗಾಂತರಕ್ಕೆ ಪರವಾನಗಿ ಬೇಕು. ಆನ್‌ಲೈನಿನಲ್ಲಿ ಎಗ್ಗಿಲ್ಲದೆ ನಡೆಯುತ್ತಿದ್ದ ಮಾರಾಟವನ್ನು ಕಂಡು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರಲ್ಲಿ ವಾಕಿಟಾಕಿ ಸೇರಿದಂತೆ ರೇಡಿಯೊ ಉಪಕರಣಗಳ ಮಾರಾಟದ ಬಗ್ಗೆ ಮಾರ್ಗಸೂಚಿ ಹೊರಡಿಸಬೇಕಾಯಿತು. ಪರವಾನಗಿಯೊಂದಿಗೆ, ಸರಿಯಾದ ತರಂಗಾಂತರ ತುಂಬಿಸಿಕೊಂಡು ನಡೆಯುತ್ತಿರುವ ಹಳೆಯ ಸೆಟ್ಟನ್ನು ಬಿಟ್ಟು, ಯಾರದೋ ತರಂಗಾಂತರಕ್ಕೆ ನುಗ್ಗುವ ಸೆಟ್ಟನ್ನು ತರುವುದು ಉಳಿತಾಯವಲ್ಲ. ಒಂದು ಸರಿಯಾದ ಚಾರ್ಜರಿನ ಬೆಲೆ ಒಂದು ಒಳ್ಳೆಯ ಬ್ಯಾಟರಿಯ ಬೆಲೆಗಿಂತ ಬಹಳ ಹೆಚ್ಚೇನಿಲ್ಲ; ಎರಡು ಬ್ಯಾಟರಿ ಅಕಾಲದಲ್ಲಿ ಸತ್ತರೆ ಅದಕ್ಕೂ ಹೆಚ್ಚು ನಷ್ಟ.

ನಮ್ಮ ಹವೆಗೆ ಸಂಬಂಧಿಸಿದ ಎರಡು ಮಾತು ಇಲ್ಲಿ ಸೇರಬೇಕು, ಏಕೆಂದರೆ ಬ್ಯಾಟರಿಯ ಜೊತೆಗೆ ಬರುವ ಕೈಪಿಡಿಯಲ್ಲಿ ತುಳುನಾಡಿನ ಏಪ್ರಿಲ್ ತಿಂಗಳಿನ ಉಲ್ಲೇಖ ಇರುವುದಿಲ್ಲ. ಸುತ್ತಲಿನ ಬಿಸಿ 45 ಡಿಗ್ರಿಯ ಹತ್ತಿರ ಹೋದರೆ ನಿಕ್ಕಲ್ ಬ್ಯಾಟರಿ ಕೊಟ್ಟ ಚಾರ್ಜನ್ನು ಪೂರ್ತಿ ತೆಗೆದುಕೊಳ್ಳುವುದಿಲ್ಲ, ಲಿಥಿಯಂ ಬ್ಯಾಟರಿಯನ್ನಂತೂ ಅಷ್ಟು ಬಿಸಿಯಲ್ಲಿ ಚಾರ್ಜ್ ಮಾಡಲೇಬಾರದು. ಬೋಟಿನ ಕ್ಯಾಬಿನ್, ತಗಡಿನ ಮಾಡಿನ ಕೆಳಗಿನ ಕಚೇರಿ, ಬಿಸಿಲಿಗೆ ನಿಂತ ಜೀಪು, ಇವೆಲ್ಲ ಆ ಗಡಿಯನ್ನು ಸುಲಭವಾಗಿ ದಾಟುತ್ತವೆ. ಹಗಲಿಡೀ ಬಿಸಿಲಲ್ಲಿದ್ದ ಸೆಟ್ಟನ್ನು ತಂದ ಕೂಡಲೇ ಚಾರ್ಜಿಗಿಡದೆ ಅರ್ಧ ಗಂಟೆ ಆರಲು ಬಿಡಬೇಕು. ಒಳ್ಳೆಯ ಚಾರ್ಜರ್ ಇದನ್ನು ತಾನೇ ಮಾಡುತ್ತದೆ, ಪ್ಯಾಕಿನೊಳಗಿನ ಥರ್ಮಿಸ್ಟರಿನಿಂದ ಬಿಸಿ ಅರಿತು ದೀಪ ಮಿನುಗಿಸುತ್ತಾ ಕಾಯುತ್ತದೆ. ಚಾರ್ಜರ್ ಕೆಟ್ಟಿದೆ ಎಂದು ಜನ ತಿಳಿಯುವುದು ಹೆಚ್ಚಾಗಿ ಈ ಹೊತ್ತಿನಲ್ಲೇ. ಇನ್ನೊಂದು ಮಾತು ಮಳೆಗಾಲದ್ದು. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧ; ಗಡಿಯಾಚೆ ಕರ್ನಾಟಕದಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದಲೇ, 61 ದಿನ. ಬೋಟು ದಡ ಹತ್ತಿದಾಗ ಸೆಟ್ಟೂ ಪೆಟ್ಟಿಗೆ ಸೇರುತ್ತದೆ. ಸಾಮಾನ್ಯ ಹೈಡ್ರೈಡ್ ಬ್ಯಾಟರಿ ಸುಮ್ಮನೆ ಇಟ್ಟರೂ ತಿಂಗಳಿಗೆ 20ರಿಂದ 30 ಶೇಕಡಾ ಚಾರ್ಜ್ ಕಳೆದುಕೊಳ್ಳುತ್ತದೆ, ಸೆಕೆಯಲ್ಲಿ ಇನ್ನೂ ಹೆಚ್ಚು. ಅರೆಖಾಲಿ ಪ್ಯಾಕನ್ನು ಸೆಟ್ಟಿನಲ್ಲೇ ಬಿಟ್ಟು ಇಟ್ಟರೆ ಆಗಸ್ಟಿನಲ್ಲಿ ಅದು ಪಾತಾಳಕ್ಕೆ ಇಳಿದಿರುತ್ತದೆ. ನಿಷೇಧ ಶುರುವಾಗುವಾಗ ಬ್ಯಾಟರಿಯನ್ನು ಸೆಟ್ಟಿನಿಂದ ಬೇರ್ಪಡಿಸಬೇಕು. ಲಿಥಿಯಂ ಆದರೆ ಅರ್ಧದಷ್ಟು ಚಾರ್ಜಿನಲ್ಲಿ, ಹೈಡ್ರೈಡ್ ಆದರೆ ತುಂಬಿಸಿ, ತಂಪಾದ ಒಣ ಜಾಗದಲ್ಲಿ ಇಡಬೇಕು. ಜುಲೈ ಮೊದಲ ವಾರದಲ್ಲಿ ಹೈಡ್ರೈಡಿಗೆ ಇನ್ನೊಂದು ಸಲ ಚಾರ್ಜ್ ಕೊಡಬೇಕು. ಕಡಲಿಗಿಳಿಯುವ ಮೊದಲು ಎರಡು ಮೂರು ಸಲ ತುಂಬಿ ಬಳಸಿದರೆ ಅದರ ಪೂರ್ಣ ಶಕ್ತಿ ಮರಳುತ್ತದೆ. ಹೊಸ ನಿಕ್ಕಲ್ ಪ್ಯಾಕಿಗೂ ಮೊದಲ ಚಾರ್ಜನ್ನು ಅದರ ಗಾತ್ರಕ್ಕೆ ತಕ್ಕ ನಿಧಾನದ ಕರೆಂಟಿನಲ್ಲಿ 14ರಿಂದ 16 ಗಂಟೆ ಕೊಡಬೇಕು.

ಕವಚ ಉಳಿಸಿಕೊಂಡು ಒಳಗಿನ ಸೆಲ್ಲು ಮಾತ್ರ ಬದಲಿಸಿ ಕೊಡುವ ರಿಪೇರಿಯವರು ನಮ್ಮ ಪೇಟೆಗಳಲ್ಲಿ ಇದ್ದಾರೆ. ಪ್ಯಾಕ್ ಸಿಗದಷ್ಟು ಹಳೆಯ ಸೆಟ್ಟುಗಳಿಗೆ ಅವರೇ ಗತಿ, ಅವರ ಕೆಲಸಕ್ಕೆ ನನ್ನ ಮೆಚ್ಚುಗೆ ಇದೆ. ಆದರೆ ಅವರಿಂದ ಕೇಳಿ ಪಡೆಯಬೇಕಾದ ವಿಷಯಗಳಿವೆ. ಸೆಲ್ಲುಗಳು ಒಂದೇ ಬಗೆಯವು, ಒಂದೇ ಸಾಮರ್ಥ್ಯದವು, ಒಟ್ಟಿಗೆ ಕೊಂಡವು ಆಗಿರಬೇಕು. ಕೆಟ್ಟ ಒಂದನ್ನು ಮಾತ್ರ ಬದಲಿಸಿದರೆ ಉಳಿದವು ಹೊಸತನ್ನೂ ಕೆಡಿಸುತ್ತವೆ. ಜೋಡಣೆ ಸ್ಪಾಟ್ ವೆಲ್ಡಿಂಗಿನಿಂದ ಆಗಬೇಕು, ಸೆಲ್ಲಿನ ಮೈಗೇ ಬೆಸುಗೆ ಹಾಕಿದರೆ ಅದರ ಶಾಖಕ್ಕೆ ಒಳಗಿನ ಸೀಲ್ ಕರಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹಳೆಯ ಪ್ಯಾಕಿನಲ್ಲಿದ್ದ ಥರ್ಮಿಸ್ಟರ್ ಮತ್ತು ಬಿಸಿಗೆ ಕಡಿಯುವ ಫ್ಯೂಸ್ ಮರಳಿ ಅದೇ ಜಾಗಕ್ಕೆ, ಸೆಲ್ಲಿಗೆ ತಾಗಿಕೊಂಡು ಕೂರಬೇಕು. ಥರ್ಮಿಸ್ಟರಿನ ಬದಲಿಗೆ ಒಂದು ಸಾಮಾನ್ಯ ರೆಸಿಸ್ಟರ್ ಹಾಕಿದರೂ ಚಾರ್ಜರ್ ನಂಬಿ ಚಾರ್ಜ್ ಮಾಡುತ್ತದೆ, ಬ್ಯಾಟರಿ ಎಷ್ಟೇ ಬೆಂದರೂ ಅದರ ಲೆಕ್ಕದಲ್ಲಿ ಎಲ್ಲ ತಂಪು. ಕೆಲವು ಅಗ್ಗದ ಸಿದ್ಧ ಪ್ಯಾಕುಗಳಲ್ಲೂ ಇದೇ ಉಪಾಯ ಇರುತ್ತದೆ. ಸಿದ್ಧ ಪ್ಯಾಕ್ ಕೊಳ್ಳುವಾಗ ಚೀಟಿಯಲ್ಲಿ ಬಗೆ, ವೋಲ್ಟೇಜ್, ತಯಾರಾದ ತಿಂಗಳು ಸ್ಪಷ್ಟವಾಗಿರಲಿ. ಐಎಸ್ 16046 ಎಂಬ ಭಾರತೀಯ ಮಾನಕದ ಗುರುತು, ಅದರ ಜೊತೆಗೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಲಿ. ಆ ಮಾನಕದ ಮೊದಲ ಭಾಗ ನಿಕ್ಕಲ್ ಬ್ಯಾಟರಿಗೆ, ಎರಡನೆಯದು ಲಿಥಿಯಮ್ಮಿಗೆ. ನಂಬಲಾಗದಷ್ಟು ದೊಡ್ಡ ಎಂಎಎಚ್ ಸಂಖ್ಯೆ ಬರೆದಿದ್ದರೆ ನಂಬದಿರುವುದೇ ಒಳ್ಳೆಯದು.

ಬದಲಿಸಿದ ಮೇಲೆ ಹಳೆಯ ಪ್ಯಾಕಿನ ಗತಿ ಏನು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಕಾಟು ಹಾಕಿದ ಕಸದ ತೊಟ್ಟಿಯ ಚಿತ್ರ, ಅದರಡಿ ಸಿಡಿ ಎಂಬ ಎರಡು ಇಂಗ್ಲಿಷ್ ಅಕ್ಷರ ಇದ್ದರೆ ಒಳಗಿರುವುದು ಕ್ಯಾಡ್ಮಿಯಂ. ಮೂತ್ರಪಿಂಡವನ್ನು ಕೆಡಿಸುವ ಈ ಲೋಹ ನೀರಿಗೆ ಸೇರಿದರೆ ಚಿಪ್ಪುಜೀವಿಗಳ ಮೈಯಲ್ಲಿ ಕೂಡುತ್ತಾ ಹೋಗುತ್ತದೆ. ಪಡನ್ನ, ವಲಿಯಪರಂಬ, ಚೆರುವತ್ತೂರಿನ ಹಿನ್ನೀರಿನಲ್ಲಿ ಹಗ್ಗಕ್ಕೆ ಕಟ್ಟಿ ಕಲ್ಲುಮ್ಮಕ್ಕಾಯಿ ಬೆಳೆದು ಬದುಕುವ ಮನೆಗಳಿವೆ. ಸತ್ತ ಪ್ಯಾಕನ್ನು ದೋಣಿಯಿಂದ ಕಡಲಿಗೆ ಎಸೆಯುವುದಾಗಲಿ, ತೋಟದ ಮೂಲೆಯಲ್ಲಿ ಹೂಳುವುದಾಗಲಿ ಬೇಡ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯನ್ನು ಮರಳಿ ಪಡೆದು ಸಂಸ್ಕರಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ, ಆದ್ದರಿಂದ ಹೊಸತು ಕೊಳ್ಳುವ ಅಂಗಡಿಯಲ್ಲಿ ಹಳತನ್ನು ತೆಗೆದುಕೊಳ್ಳಿ ಎಂದು ಕೇಳಲು ಹಿಂಜರಿಕೆ ಬೇಡ. ಅವರು ಒಪ್ಪದಿದ್ದರೆ ಪಂಚಾಯತಿನ ಹರಿತ ಕರ್ಮಸೇನೆಯವರಿಗೆ ಬೇರೆ ಕಸದೊಂದಿಗೆ ಬೆರೆಸದೆ, ಬ್ಯಾಟರಿ ಎಂದು ತಿಳಿಸಿ ಕೊಡಬಹುದು. ಕೊಡುವ ಮೊದಲು ಲೋಹದ ಬಿಂದುಗಳ ಮೇಲೆ ಇನ್ಸುಲೇಷನ್ ಟೇಪ್ ಅಂಟಿಸಿ. ಸತ್ತಿತೆಂದುಕೊಂಡ ಪ್ಯಾಕಿನಲ್ಲೂ ಕೀಲಿಗೊಂಚಲಿಗೋ ತಂತಿಗೋ ತಗುಲಿದಾಗ ಕಿಡಿ ಹಾರಿಸುವಷ್ಟು ಶಕ್ತಿ ಉಳಿದಿರುತ್ತದೆ. ಆ ಪ್ಯಾಕಿನ ಜೋಡಿಯಾಗಿದ್ದ ಹಳೆಯ ಚಾರ್ಜರನ್ನೂ ಅಂದೇ ಮೇಜಿನಿಂದ ತೆಗೆಯಿರಿ. ಬೇರೆ ಕ್ಯಾಡ್ಮಿಯಂ ಪ್ಯಾಕುಗಳು ಇನ್ನೂ ಬಳಕೆಯಲ್ಲಿದ್ದು ಅದನ್ನು ಉಳಿಸಿಕೊಳ್ಳಬೇಕಾದರೆ, ಯಾವ ಬಗೆಯ ಬ್ಯಾಟರಿಗೆ, ಎಷ್ಟು ಎಂಎಎಚ್‌ವರೆಗೆ ಎಂದು ಅದರ ಮೈಮೇಲೆ ಅಳಿಸದ ಶಾಯಿಯಲ್ಲಿ ಬರೆದಿಡಿ. ನಾಳೆ ಅದಕ್ಕೆ ಬ್ಯಾಟರಿ ಸಿಕ್ಕಿಸುವವರು ನೀವೇ ಆಗಿರಬೇಕೆಂದಿಲ್ಲ.